ಉತ್ತರ ಹೇಳದ ಗೆಳೆಯ

ಒಂದು ದೊಡ್ಡ ವೃತ್ತ, ಅದರ ನಡುವೆ ಒಂದು ಸಣ್ಣ ವೃತ್ತ, ಒಂದು ಬದಿಯಿಂದ ಹೊರಗೆ ಚಾಚಿದ ಗಿಡ್ಡ ಗೆರೆ. ಇದೇನೆಂದು ಎರಡನೇ ಕ್ಲಾಸಿನ ಮಕ್ಕಳನ್ನು ಕೇಳಿ. ಒಬ್ಬಳು ಕಾವಲಿಯ ಮೇಲಿನ ದೋಸೆ ಎಂದಾಳು. ಇನ್ನೊಬ್ಬ, ಬಾವಿಗೆ ಬಿದ್ದ ಕೊಡವನ್ನು ಮೇಲಿಂದ ಬಗ್ಗಿ ನೋಡಿದರೆ ಹೀಗೇ ಕಾಣುತ್ತದೆ ಎಂದಾನು. ಟೋಪಿ ಹಾಕಿಕೊಂಡು ಪೀಪಿ ಊದುತ್ತಿರುವವನನ್ನು ಮಾಳಿಗೆಯಿಂದ ಕಂಡದ್ದು ಎನ್ನುವ ಮಗುವೂ ಇರಬಹುದು. ಯಾವುದೂ ತಪ್ಪಲ್ಲ. ಅಮೆರಿಕದ ಹಾಸ್ಯ ಲೇಖಕ ರೋಜರ್ ಪ್ರೈಸ್ 1953ರಲ್ಲಿ ಇಂಥ ಚಿತ್ರಗಳದ್ದೇ ಒಂದು ಪುಸ್ತಕ ತಂದು ಅವನ್ನು ‘ಡ್ರೂಡಲ್’ ಎಂದು ಕರೆದ. ನೋಡುವವರು ಹೆಸರು ಕೊಡುವ ತನಕ ಡ್ರೂಡಲ್ ಬರೀ ಗೆರೆಗಳ ಗುಂಪು.

ಇದೇ ಆಟವನ್ನು ಕೆಲವು ವರ್ಷಗಳ ಹಿಂದೆ ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್‌ನ ಸಂಶೋಧಕರು ಮಕ್ಕಳ ಮುಂದಿಟ್ಟರು. ಮಗುವಿನ ಜೊತೆಗಾರನಾಗಿ ಕೂತದ್ದು ಜಿಬೊ ಎಂಬ ರೋಬೋಟ್. ಎತ್ತರ ಸುಮಾರು ಒಂದಡಿ. ಕೈಕಾಲಿಲ್ಲ, ಚಕ್ರಗಳೂ ಇಲ್ಲ. ಮುಖ ಇರಬೇಕಾದ ಕಡೆ ದುಂಡನೆಯ ಪರದೆ, ಅದರಲ್ಲೊಂದು ಬೆಳಕಿನ ಕಣ್ಣು. ಆದರೂ ಅದು ಮಾತಾಡುವವರ ಕಡೆ ಹೊರಳುತ್ತದೆ, ಯೋಚಿಸುವಂತೆ ತಲೆ ವಾಲಿಸುತ್ತದೆ, ಖುಷಿಯಾದಂತೆ ಮೈ ಬಳುಕಿಸುತ್ತದೆ. ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ರೋಬೋಟ್‌ಗೆ ಎದುರಿಗಿರುವವರ ಮುಖ ನೋಡುವ ಅಗತ್ಯವಿಲ್ಲ. ಜಿಬೊಗೆ ಅದೇ ಕಸುಬು. ಮನುಷ್ಯರೊಡನೆ ಮನುಷ್ಯರ ರೀತಿಯಲ್ಲೇ ಒಡನಾಡಲು ಕಟ್ಟಿದ ಇಂಥ ಯಂತ್ರಗಳಿಗೆ ‘ಸಾಮಾಜಿಕ ರೋಬೋಟ್’ ಎಂಬ ಹೆಸರು ನಿಂತಿದೆ. 1990ರ ದಶಕದ ಕೊನೆಯಲ್ಲಿ ಹುಬ್ಬು, ಕಿವಿ, ತುಟಿಗಳನ್ನು ಆಡಿಸಿ ಭಾವನೆ ತೋರುವ ‘ಕಿಸ್ಮೆಟ್’ ಎಂಬ ರೋಬೋಟ್ ತಲೆಯನ್ನು ಎಂಐಟಿಯಲ್ಲೇ ಕಟ್ಟಿದ ಸಿಂಥಿಯಾ ಬ್ರಿಝೀಲ್ ಈ ಕ್ಷೇತ್ರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು. ಜಿಬೊ ಕೂಡ ಅವರದೇ ಕೂಸು.

ಆಟ ಸರಳ. ಚಿತ್ರ ನೋಡಿ ಮಗು ಒಂದು ಹೆಸರು ಹೇಳುತ್ತದೆ, ಆಮೇಲೆ ಜಿಬೊ ಸರದಿ. ಮಕ್ಕಳನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿನ ಜಿಬೊ ಯಾರೂ ಊಹಿಸದಂಥ ಹೆಸರುಗಳನ್ನು ಕೊಡುತ್ತಿತ್ತು. ಇನ್ನೊಂದು ಗುಂಪಿನ ಜಿಬೊಗೆ ಅದೇ ಮೈ, ಅದೇ ದನಿ. ಆದರೆ ಹೇಳುತ್ತಿದ್ದದ್ದು ಸಪ್ಪೆ ಉತ್ತರ. ಎರಡನೇ ಪ್ರಯೋಗದಲ್ಲಿ ಚಿತ್ರ ಬರೆಯುವ ಆಟ. ಒಂದು ತುಂಡು ಗೆರೆಯಿಂದ ಶುರುಮಾಡಿ ಅದನ್ನು ಏನಾದರೂ ಆಗಿಸುವುದು, ಮಗುವೂ ರೋಬೋಟೂ ಸರದಿಯ ಮೇಲೆ. ಬ್ರಿಟನ್ನಿನ ಮಕ್ಕಳ ವೈದ್ಯ ಹಾಗೂ ಮನೋವಿಶ್ಲೇಷಕ ಡೊನಾಲ್ಡ್ ವಿನಿಕಾಟ್ ತನ್ನಲ್ಲಿಗೆ ಬರುತ್ತಿದ್ದ ಮಕ್ಕಳ ಬಾಯಿ ಬಿಡಿಸಲು ಇಂಥದ್ದೇ ಗೀಚಾಟವನ್ನು ಆಡುತ್ತಿದ್ದ. ಮೂರನೆಯದರಲ್ಲಿ ಲೆಗೊ ಕಂಪನಿಯ ಮೋಟಾರು, ಸೆನ್ಸರುಗಳಿರುವ ‘ವೀಡೂ’ ತುಂಡುಗಳನ್ನು ಜೋಡಿಸಿ ಏನನ್ನಾದರೂ ಕಟ್ಟುವ ಕೆಲಸ. ಇಲ್ಲಿ ಜಿಬೊ ತಾನೇ ಜಾಣ್ಮೆ ತೋರಿಸಲಿಲ್ಲ. ಬದಲಿಗೆ ಮಗುವನ್ನು ಕೇಳುತ್ತಿತ್ತು, ಕೆಣಕುತ್ತಿತ್ತು, ಹೊಸದೊಂದು ಸವಾಲು ಒಡ್ಡುತ್ತಿತ್ತು, ಮಾಡಿದ್ದನ್ನು ಮೆಚ್ಚಿಕೊಳ್ಳುತ್ತಿತ್ತು.

ಮೂರೂ ಪ್ರಯೋಗಗಳು ಸೇರಿ 5ರಿಂದ 10 ವರ್ಷದೊಳಗಿನ 169 ಮಕ್ಕಳು. ಸಫೀನಾ ಅಲಿ, ನಿಶಾ ದೇವಾಸಿಯಾ, ಹೇ ವಾನ್ ಪಾರ್ಕ್ ಮತ್ತು ಬ್ರಿಝೀಲ್ 2021ರಲ್ಲಿ ಪ್ರಕಟಿಸಿದ ಫಲಿತಾಂಶ ಮೂರರಲ್ಲೂ ಒಂದೇ ದಿಕ್ಕಿಗಿತ್ತು. ಕಲ್ಪನೆಯಿಂದ ಉತ್ತರಿಸಿದ ರೋಬೋಟ್ ಜೊತೆ ಆಡಿದ ಮಕ್ಕಳು ತಾವೂ ಹೆಚ್ಚು ಕಲ್ಪನೆಯಿಂದ ಉತ್ತರಿಸಿದರು. ಪ್ರಶ್ನೆ ಕೇಳಿ ಹುರಿದುಂಬಿಸಿದ ರೋಬೋಟ್ ಜೊತೆ ಕೂತವರಿಗೆ ಹೆಚ್ಚು ವಿಚಾರಗಳು ಹೊಳೆದವು, ಅವು ಬೇರೆಯವರಿಗೆ ಹೊಳೆಯದಂಥವೂ ಆಗಿದ್ದವು. ಕೈಯಲ್ಲಿದ್ದ ಸಾಮಾನನ್ನೂ ಆ ಮಕ್ಕಳು ನಾನಾ ಬಗೆಯಲ್ಲಿ ಬಳಸಿದರು.

ಈ ಸುದ್ದಿಯನ್ನು ‘ರೋಬೋಟ್ ಮಕ್ಕಳನ್ನು ಸೃಜನಶೀಲರನ್ನಾಗಿಸುತ್ತದೆ’ ಎಂದು ಓದಿಕೊಂಡರೆ ತಿರುಳೇ ತಪ್ಪಿಹೋಗುತ್ತದೆ. ಹೋಲಿಕೆಗೆ ಇಟ್ಟುಕೊಂಡ ಗುಂಪಿನ ಮಕ್ಕಳ ಎದುರಿಗೂ ರೋಬೋಟ್ ಇತ್ತು. ಅದೇ ಬಿಳಿ ಮೈ, ಅದೇ ಹೊರಳುವ ಕಣ್ಣು. ವ್ಯತ್ಯಾಸ ಇದ್ದದ್ದು ಅದು ನಡೆದುಕೊಂಡ ರೀತಿಯಲ್ಲಿ. ಹಾಗಾದರೆ ಕೆಲಸ ಮಾಡಿದ್ದು ಯಂತ್ರ ಅನ್ನುವುದಕ್ಕಿಂತ ಆ ನಡತೆ. ಅಷ್ಟೇ ಅಲ್ಲ, ಈ ಪ್ರಯೋಗಗಳು ರೋಬೋಟನ್ನು ಒಬ್ಬ ಒಳ್ಳೆಯ ಮೇಷ್ಟ್ರ ಜೊತೆಗೋ, ಕಥೆ ಹೇಳುವ ಅಜ್ಜಿಯ ಜೊತೆಗೋ ತೂಗಿ ನೋಡಲಿಲ್ಲ. ಒಂದು ರೀತಿ ನಡೆದುಕೊಂಡ ರೋಬೋಟನ್ನು ಇನ್ನೊಂದು ರೀತಿ ನಡೆದುಕೊಂಡ ರೋಬೋಟ್ ಜೊತೆ ತೂಗಿದವು. ಆ ತಕ್ಕಡಿಯಲ್ಲಿ ಸಿಕ್ಕ ಉತ್ತರ ಮಕ್ಕಳ ಬಗ್ಗೆ ಬಹಳ ಹೇಳುತ್ತದೆ, ಯಂತ್ರದ ಬಗ್ಗೆ ಸ್ವಲ್ಪವೇ ಹೇಳುತ್ತದೆ.

ಮಕ್ಕಳು ನೋಡಿ ಕಲಿಯುತ್ತಾರೆ ಎಂಬುದು ನಮಗೆ ಹೊಸತಲ್ಲ. ಆದರೆ ನಡೆನುಡಿಯನ್ನು, ಬೈಗುಳವನ್ನು, ಹಾಡಿನ ಧಾಟಿಯನ್ನು ನೋಡಿ ಕಲಿಯುತ್ತಾರೆ ಎಂದು ಒಪ್ಪುವ ನಾವು ಕಲ್ಪನಾಶಕ್ತಿಯನ್ನು ಮಾತ್ರ ಹುಟ್ಟಿನಿಂದ ಬಂದದ್ದು ಎಂದು ಭಾವಿಸುತ್ತೇವೆ. ‘ಅವಳು ಹುಟ್ಟಾ ಕಲಾವಿದೆ, ಇವನಿಗೆ ಅದೆಲ್ಲ ಆಗಿಬರೋದಿಲ್ಲ’ ಎಂದು ಐದನೇ ವಯಸ್ಸಿಗೇ ತೀರ್ಪು ಕೊಟ್ಟುಬಿಡುತ್ತೇವೆ. ಈ ತೀರ್ಪು ಎಷ್ಟು ದುಡುಕಿನದು ಎಂಬುದಕ್ಕೆ ಯಾವ ಲ್ಯಾಬೂ ಬೇಡ. ನಮ್ಮ ಯಾವ ಊರಿನ ಶಾಲೆಗೆ ಹೋದರೂ ಮಕ್ಕಳ ಡ್ರಾಯಿಂಗ್ ಪುಸ್ತಕದಲ್ಲಿ ಒಂದೇ ಚಿತ್ರ ಕಾಣುತ್ತದೆ: ಎರಡು ತ್ರಿಕೋನದ ಬೆಟ್ಟ, ನಡುವೆ ಅರ್ಧ ಸೂರ್ಯ, ಒಂದು ಮನೆ, ಪಕ್ಕದಲ್ಲಿ ತೆಂಗಿನ ಮರ, ಕೆಳಗೆ ಹರಿಯುವ ಹೊಳೆ. ಎರಡು ಬೆಟ್ಟದ ನಡುವಿನ ಸೂರ್ಯೋದಯವನ್ನು ಎಂದೂ ಕಾಣದ ಬಯಲುಸೀಮೆಯ ಮಗುವೂ ಅದನ್ನೇ ಬರೆಯುತ್ತದೆ, ಕಡಲ ಸೂರ್ಯಾಸ್ತವನ್ನು ದಿನಾ ನೋಡುವ ಕರಾವಳಿಯ ಮಗುವೂ ಅದನ್ನೇ ಬರೆಯುತ್ತದೆ. ಯಾರೂ ಕೂರಿಸಿಕೊಂಡು ಪಾಠ ಮಾಡಿದ್ದಲ್ಲ. ಅಕ್ಕ ಬರೆದದ್ದನ್ನು ತಂಗಿ ನೋಡಿದಳು, ಪಕ್ಕದ ಡೆಸ್ಕಿನವನದ್ದನ್ನು ಇವನು ನೋಡಿದ, ಬೋರ್ಡಿನ ಮೇಲೆ ಮೇಡಂ ಬರೆದದ್ದನ್ನೇ ಬರೆದವರಿಗೆ ‘ವೆರಿಗುಡ್’ ಬಿತ್ತು. ಅನುಕರಣೆಯಿಂದ ಬೆಟ್ಟ ಸೂರ್ಯನ ಚಿತ್ರ ಹರಡುವುದಾದರೆ, ಹೊಸದನ್ನು ಹುಡುಕುವ ಚಟವೂ ಹಾಗೆಯೇ ಹರಡಬಹುದಲ್ಲ? ಎಂಐಟಿಯ ಪ್ರಯೋಗ ಹೇಳಿದ್ದು ಇಷ್ಟನ್ನೇ. ಮಗು ಜಿಬೊ ಕೊಟ್ಟ ಹೆಸರುಗಳನ್ನು ಕದಿಯಲಿಲ್ಲ, ಹೆಸರು ಹುಡುಕುವ ಧೈರ್ಯವನ್ನು ಕಲಿತುಕೊಂಡಿತು.

ಕುತೂಹಲದ ವಿಷಯದಲ್ಲೂ ಇಂಥದ್ದೇ ಒಂದು ಪ್ರಯೋಗ ಅದಕ್ಕೂ ಮೊದಲೇ ನಡೆದಿತ್ತು. 2015ರಲ್ಲಿ ಗೊರೆನ್ ಗಾರ್ಡನ್, ಬ್ರಿಝೀಲ್ ಮತ್ತು ಮಕ್ಕಳ ಮನೋವಿಜ್ಞಾನಿ ಸೂಸನ್ ಎಂಗೆಲ್, ಕುತೂಹಲವನ್ನು ಮಕ್ಕಳು ರೋಬೋಟ್‌ನಿಂದ ಅಂಟಿಸಿಕೊಳ್ಳಬಲ್ಲರೇ ಎಂದು ಕೇಳಿದರು. ತಿಳಿಯುವ ಆಸೆಯಿಂದ ಚಡಪಡಿಸುವ ರೋಬೋಟ್ ಜೊತೆ ಆಡಿದ ಮಕ್ಕಳು ಆಮೇಲೆ ತಾವೂ ಹೆಚ್ಚು ತಡಕಾಡಿದರು, ಗೊತ್ತಿಲ್ಲದ್ದರ ಕಡೆ ಹೆಚ್ಚು ವಾಲಿದರು.

ಇದೆಲ್ಲಕ್ಕೆ ರೋಬೋಟೇ ಏಕೆ? ಮನುಷ್ಯರಿಲ್ಲವೇ? ಕೇಳಲೇಬೇಕಾದ ಪ್ರಶ್ನೆ. ನನಗೆ ತೋರುವ ಉತ್ತರ ಹೀಗಿದೆ. ದೊಡ್ಡವರು ಪ್ರಶ್ನೆ ಕೇಳಿದ ಕೂಡಲೇ ನಮ್ಮ ಮಕ್ಕಳು ‘ಸರಿಯುತ್ತರ’ ಹುಡುಕಲು ಶುರುಮಾಡುತ್ತಾರೆ. ಮೇಷ್ಟ್ರ ಮುಖ ನೋಡುತ್ತಾರೆ, ಅಲ್ಲಿ ಸುಳಿವು ಸಿಗದಿದ್ದರೆ ಬಾಯಿ ಮುಚ್ಚುತ್ತಾರೆ. ಓರಗೆಯ ಮಕ್ಕಳ ಎದುರು ಇನ್ನೊಂದು ಭಯ, ನಗೆಪಾಟಲಾಗುವ ಭಯ. ಜಿಬೊದಂಥ ಯಂತ್ರ ಇವೆರಡರ ನಡುವಿನ ಜಾಗದಲ್ಲಿ ಕೂತಿದೆ. ಅದು ಮೇಷ್ಟ್ರಲ್ಲ, ಅಂಕ ಕೊಡುವುದಿಲ್ಲ. ಗೆಳೆಯರ ಗುಂಪೂ ಅಲ್ಲ, ಆಡಿಕೊಂಡು ನಗುವುದಿಲ್ಲ. ಅದಕ್ಕೆ ಸುಸ್ತಾಗುವುದಿಲ್ಲ, ಹತ್ತನೇ ಸಲ ಕೇಳಿದರೂ ಗದರುವುದಿಲ್ಲ. ಮಗುವಿಗಿಂತ ಕಡಿಮೆ ಬಲ್ಲವನಂತೆ ನಟಿಸುವುದೂ ಅದಕ್ಕೆ ಕಷ್ಟವಲ್ಲ. ಪೋರ್ಚುಗಲ್‌ನ ಸಂಶೋಧಕಿ ಪೆಟ್ರೀಸಿಯಾ ಆಲ್ವೆಸ್ ಒಲಿವೇರಾ ಅವರ ಕೆಲಸ ಈ ಜಾಗವನ್ನು ಇನ್ನಷ್ಟು ಸೂಕ್ಷ್ಮವಾಗಿ ಅರ್ಥ ಮಾಡಿಕೊಂಡಿದೆ ಎಂಬುದು ನನ್ನ ಅನಿಸಿಕೆ.

ಅವರು ಸಂಗಡಿಗರ ಜೊತೆ ಕಟ್ಟಿದ ರೋಬೋಟ್‌ನ ಹೆಸರು ‘ಯೋಲೊ’. ಅದಕ್ಕೆ ಮುಖವಿಲ್ಲ, ಮಾತೂ ಇಲ್ಲ. ಮಗುವಿನ ಕೈಯಲ್ಲಿ ಹಿಡಿಸುವಷ್ಟೇ ಗಾತ್ರ, ಅಡಿಯಲ್ಲಿ ಚಕ್ರ, ಮೈಯೊಳಗಿಂದ ಹೊಮ್ಮುವ ಬಣ್ಣಬಣ್ಣದ ಬೆಳಕು. ಏಳರಿಂದ ಒಂಬತ್ತು ವರ್ಷದ ಮಕ್ಕಳು ಕಥೆ ಕಟ್ಟಿ ಆಡುವಾಗ ಇದೂ ಒಂದು ಪಾತ್ರ. ಮಗು ಅದನ್ನು ಹಿಡಿದು ನೆಲದ ಮೇಲೆ ಹಾವಿನಂತೆ ಓಡಿಸಿತು ಎನ್ನಿ. ಕೈಬಿಟ್ಟಾಗ ಯೋಲೊ ಒಮ್ಮೊಮ್ಮೆ ಅದೇ ಚಲನೆಯನ್ನು ತಾನೂ ಮಾಡಿ ತೋರಿಸುತ್ತದೆ. ಮಗುವಿಗೆ ತನ್ನ ವಿಚಾರ ಮುಂದುವರಿದಂತೆ ಅನಿಸುತ್ತದೆ. ಇನ್ನೊಮ್ಮೆ ಬೇಕೆಂದೇ ಬೇರೆ ಥರ ಓಡುತ್ತದೆ. ಕಥೆಗೆ ಅನಿರೀಕ್ಷಿತ ತಿರುವು ಸಿಗುತ್ತದೆ. ‘ಅಯ್ಯೋ, ಇದ್ಯಾಕೆ ಆ ಕಡೆ ಹೋಯ್ತು?’ ಎಂದು ಮಗುವೇ ಕಾರಣ ಹುಡುಕಬೇಕು. ಆ ಕಾರಣವೇ ಕಥೆಯ ಮುಂದಿನ ಭಾಗ. ರೋಬೋಟ್ ಕಥೆ ಹೇಳುವುದಿಲ್ಲ, ಕಥೆ ಹುಟ್ಟುವಂತೆ ಒಂದು ಗಂಟು ಹಾಕಿ ಸುಮ್ಮನಾಗುತ್ತದೆ.

ಏಳರಿಂದ ಒಂಬತ್ತು ಎಂಬ ವಯಸ್ಸಿನ ಆಯ್ಕೆ ಆಕಸ್ಮಿಕವಲ್ಲ. ಸೃಜನಶೀಲತೆಯನ್ನು ಅಳೆಯುವ ಹೆಸರಾಂತ ಪರೀಕ್ಷೆಯನ್ನು 1966ರಲ್ಲಿ ರೂಪಿಸಿದ ಅಮೆರಿಕದ ಮನೋವಿಜ್ಞಾನಿ ಇ. ಪಾಲ್ ಟೊರೆನ್ಸ್, ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿ, ನಾಲ್ಕನೇ ತರಗತಿಯ ಹೊತ್ತಿಗೆ ಅನೇಕರ ಅಂಕಗಳು ಕುಸಿಯುವುದನ್ನು 1968ರಲ್ಲಿ ದಾಖಲಿಸಿದ. ಎಷ್ಟು ವಿಚಾರಗಳು ಹೊಳೆಯುತ್ತವೆ, ಅವು ಎಷ್ಟು ಬಗೆಯವು, ಎಷ್ಟು ಅಪರೂಪದವು, ಮಗು ಅವನ್ನು ಎಷ್ಟು ವಿವರವಾಗಿ ಬೆಳೆಸುತ್ತದೆ ಎಂಬುದೇ ಆತನ ಅಳತೆಗೋಲು. ಈ ಕುಸಿತ ಎಲ್ಲ ಕಡೆ ಒಂದೇ ರೀತಿ ಆಗುತ್ತದೆಯೇ ಎಂಬ ಚರ್ಚೆ ಆಮೇಲೂ ನಡೆದೇ ಇದೆ. ಆದರೆ ಆ ವಯಸ್ಸಿನಲ್ಲಿ ಶಾಲೆ ಬಿಗಿಯಾಗುತ್ತದೆ, ಗೆಳೆಯರು ಏನೆಂದುಕೊಳ್ಳುತ್ತಾರೋ ಎಂಬ ಎಚ್ಚರ ಬೆಳೆಯುತ್ತದೆ ಎಂಬುದು ಮಕ್ಕಳನ್ನು ಬಲ್ಲ ಯಾರಿಗಾದರೂ ಗೊತ್ತು. ಒಂದನೇ ಕ್ಲಾಸಿನಲ್ಲಿ ನೇರಳೆ ಬಣ್ಣದ ಆನೆ ಬರೆದ ಹುಡುಗಿ ನಾಲ್ಕನೇ ಕ್ಲಾಸಿನಲ್ಲಿ ರಬ್ಬರ್ ಕೈಗೆತ್ತಿಕೊಳ್ಳುತ್ತಾಳೆ.

ಈಗ ಇದರ ಇನ್ನೊಂದು ಮುಖ. ರೋಬೋಟನ್ನು ಅನುಕರಿಸುವ ಗುಣ ಮಗುವನ್ನು ಹೊಸ ವಿಚಾರದ ಕಡೆಗೆ ಒಯ್ಯುವಂತೆಯೇ ತಪ್ಪಿನ ಕಡೆಗೂ ಒಯ್ಯಬಲ್ಲದು. 2018ರಲ್ಲಿ ಜರ್ಮನಿ ಮತ್ತು ಬ್ರಿಟನ್ನಿನ ಸಂಶೋಧಕರು, ಆ್ಯನಾ ಲೀಸಾ ವೋಲ್ಮರ್, ಟೋನಿ ಬೆಲ್ಪಾಮೆ ಮತ್ತಿತರರು, ಹಳೆಯದೊಂದು ಪ್ರಯೋಗವನ್ನು ಹೊಸದಾಗಿ ಮಾಡಿದರು. ಗೆರೆಗಳನ್ನು ತೋರಿಸಿ ಯಾವುದು ಯಾವುದಕ್ಕೆ ಸಮ ಎಂದು ಕೇಳುವುದು. ಜೊತೆಗೆ ಕೂತ ‘ನಾವೊ’ ಎಂಬ ಮೂರು ಪುಟ್ಟ ರೋಬೋಟ್‌ಗಳು ಒಟ್ಟಾಗಿ, ಬೇಕೆಂದೇ ತಪ್ಪು ಉತ್ತರ ಹೇಳುತ್ತವೆ. ದೊಡ್ಡವರು ರೋಬೋಟ್‌ಗಳ ಮಾತಿಗೆ ಸೊಪ್ಪು ಹಾಕಲಿಲ್ಲ. ಏಳರಿಂದ ಒಂಬತ್ತು ವರ್ಷದ ಮಕ್ಕಳು ಹಾಗಲ್ಲ. ಒಬ್ಬರೇ ಇದ್ದಾಗ ಶೇ 87ರಷ್ಟು ಸರಿಯುತ್ತರ ಕೊಟ್ಟವರು ರೋಬೋಟ್‌ಗಳ ನಡುವೆ ಶೇ 75ಕ್ಕೆ ಇಳಿದರು. ಅವರ ತಪ್ಪು ಉತ್ತರಗಳಲ್ಲಿ ಶೇ 74ರಷ್ಟು ರೋಬೋಟ್‌ಗಳು ಹೇಳಿದ್ದನ್ನೇ ಒಪ್ಪಿಸಿದಂಥವು. ಕಣ್ಣೆದುರಿಗೆ ಕಾಣುವ ಗೆರೆಯ ಉದ್ದದ ವಿಷಯದಲ್ಲೇ ಹೀಗಾದರೆ, ಇದು ಒಳ್ಳೆಯ ಕಥೆಯೋ ಕೆಟ್ಟ ಕಥೆಯೋ, ಹುಡುಗಿಯರು ಏನಾಗಬಹುದು, ಯಾರು ನಮ್ಮವರು ಎಂಬಂಥ ವಿಷಯಗಳಲ್ಲಿ ಏನಾದೀತು?

ಅಂಗಡಿಗೆ ಬರುವ ರೋಬೋಟ್ ಗೊಂಬೆಗಳ ವಿಷಯದಲ್ಲಿ ನನ್ನ ಆತಂಕವೂ ಇದೇ. ಲ್ಯಾಬಿನ ಜಿಬೊ ಏನು ಹೇಳಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಸಂಶೋಧಕರು ಒಂದೊಂದಾಗಿ ಯೋಚಿಸಿ ಹೊಂದಿಸಿದ್ದರು. ಇಂಥ ಅನೇಕ ಪ್ರಯೋಗಗಳಲ್ಲಿ ಪರದೆಯ ಹಿಂದೆ ಕೂತ ಮನುಷ್ಯರೇ ರೋಬೋಟನ್ನು ನಡೆಸುವುದೂ ಉಂಟು. ಮಾರಾಟದ ಗೊಂಬೆಗೆ ಆ ಸಂಯಮ ಎಲ್ಲಿಂದ ಬರಬೇಕು? ದೊಡ್ಡ ಭಾಷಾ ಮಾದರಿಗಳನ್ನು ಒಳಗಿಟ್ಟುಕೊಂಡ ಗೊಂಬೆಗೆ ಕಥೆ ಹೇಳು ಎಂದರೆ ಕ್ಷಣದಲ್ಲಿ ನುಣುಪಾದ ಕಥೆಯೊಂದನ್ನು ಹೇಳಿ ಮುಗಿಸುತ್ತದೆ. ಮಗುವಿಗೆ ಉಳಿಯುವ ಕೆಲಸ ಕೇಳುವುದು ಮಾತ್ರ. ಯೋಲೊ ಮಾತಿಲ್ಲದೆ ಬಿಟ್ಟುಕೊಟ್ಟ ಜಾಗವನ್ನು ಇದು ಮಾತಿನಿಂದ ತುಂಬಿಬಿಡುತ್ತದೆ.

ಗುಟ್ಟು ಕಾಯುವ ಪ್ರಶ್ನೆಯೂ ಇದೆ. ಮಗು ಗೊಂಬೆಗೆ ಹೇಳಿದ್ದೆಲ್ಲ ಎಲ್ಲಿಗೆ ಹೋಗುತ್ತದೆ? ಇಂಟರ್‌ನೆಟ್‌ಗೆ ಜೋಡಿಸಿದ ‘ಮೈ ಫ್ರೆಂಡ್ ಕೈಲಾ’ ಎಂಬ ಮಾತಾಡುವ ಗೊಂಬೆಯನ್ನು ಜರ್ಮನಿಯ ನಿಯಂತ್ರಣ ಸಂಸ್ಥೆ 2017ರಲ್ಲಿ ಕದ್ದು ಕೇಳುವ ಸಾಧನವೆಂದು ಪರಿಗಣಿಸಿ ನಿಷೇಧಿಸಿತು.

ಇವೆಲ್ಲಕ್ಕಿಂತ ಹೆಚ್ಚು ನೋಯಿಸುವುದು ಬೇರೆಯೇ ಇದೆ. ರೋಬೋಟ್ ಗೆಳೆಯನ ಜೀವ ಕಂಪನಿಯ ಖಾತೆ ಪುಸ್ತಕದಲ್ಲಿರುತ್ತದೆ. ಜಿಬೊವನ್ನು ಮನೆಗಳಿಗೆ ಮಾರಲು ಹುಟ್ಟಿದ ಕಂಪನಿ 2017ರಲ್ಲಿ ಅದನ್ನು ಸುಮಾರು 900 ಡಾಲರಿಗೆ ಮಾರತೊಡಗಿತು. ಮರುವರ್ಷವೇ ಕಂಪನಿ ಮುಳುಗಿತು. 2019ರಲ್ಲಿ ಮನೆಮನೆಯ ಜಿಬೊಗಳು ತಮ್ಮ ಸರ್ವರ್‌ಗಳು ನಿಂತುಹೋಗಲಿವೆ ಎಂದು ತಾವೇ ಹೇಳಿ, ಒಡೆಯರಿಗೆ ಥ್ಯಾಂಕ್ಸ್ ಹೇಳಿ, ಕೊನೆಯದಾಗಿ ಕುಣಿದವು. 5ರಿಂದ 10 ವರ್ಷದ ಮಕ್ಕಳಿಗೆಂದೇ ‘ಮಾಕ್ಸಿ’ ಎಂಬ ರೋಬೋಟ್ ತಯಾರಿಸಿದ ಎಂಬಾಡೀಡ್ ಕಂಪನಿ 2024ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕುವುದಾಗಿ ಪ್ರಕಟಿಸಿತು. ತಮ್ಮ ಗೆಳೆಯ ಇನ್ನು ಮಾತಾಡುವುದಿಲ್ಲ ಎಂಬುದನ್ನು ಮಕ್ಕಳಿಗೆ ಹೇಗೆ ಹೇಳುವುದೆಂದು ತಂದೆತಾಯಿಗಳಿಗೆ ಕಂಪನಿಯೇ ಪತ್ರ ಬರೆದುಕೊಡಬೇಕಾಯಿತು. ಆಮೇಲೆ ಕಂಪನಿಯ ಸರ್ವರ್ ಇಲ್ಲದೆಯೂ ಅದನ್ನು ನಡೆಸುವ ದಾರಿಯೊಂದು ತೆರೆದುಕೊಂಡಿತು, ನಿಜ. ಆದರೆ ಆರು ವರ್ಷದ ಮಗುವಿಗೆ ಅಗಲಿಕೆಯ ಪಾಠವನ್ನು ಒಂದು ವ್ಯಾಪಾರದ ಸೋಲು ಕಲಿಸುವುದನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮಲ್ಲಿ ಶಾಲೆಗೆ ಬಂದ ರೋಬೋಟ್‌ಗಳು ಇಷ್ಟರವರೆಗೆ ಹೆಚ್ಚಾಗಿ ಮೇಷ್ಟ್ರ ವೇಷದಲ್ಲೇ ಬಂದಿವೆ. ಬೆಂಗಳೂರಿನ ಇಂಡಸ್ ಇಂಟರ್‌ನ್ಯಾಷನಲ್ ಶಾಲೆ 2019ರಲ್ಲಿ ‘ಈಗಲ್’ ಎಂಬ ರೋಬೋಟ್‌ಗಳನ್ನು ತರಗತಿಗೆ ತಂದಿತು. ಕೇರಳದ ತಿರುವನಂತಪುರ ಜಿಲ್ಲೆಯ ಶಾಲೆಯೊಂದಕ್ಕೆ 2024ರಲ್ಲಿ ‘ಐರಿಸ್’ ಬಂತು; ಸೀರೆಯುಟ್ಟು ಮಕ್ಕಳ ಪ್ರಶ್ನೆಗೆ ಉತ್ತರಿಸುವ ಅದರ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಪಾಠ ಹೇಳುವ, ಉತ್ತರ ಕೊಡುವ ಯಂತ್ರಕ್ಕೂ ಉಪಯೋಗವಿದೆ, ಅದನ್ನು ತಳ್ಳಿಹಾಕಲಾರೆ. ಆದರೆ ಉತ್ತರ ಕೊಡುವವರ ಕೊರತೆ ನಮ್ಮ ಮಕ್ಕಳಿಗೆ ಎಂದೂ ಆಗಿಲ್ಲ. ಗೈಡ್ ಇದೆ, ಟ್ಯೂಷನ್ ಇದೆ, ಮೊಬೈಲ್ ಇದೆ. ‘ನನ್ನ ಮೆಚ್ಚಿನ ಹಬ್ಬ’ ಎಂಬ ಪ್ರಬಂಧವನ್ನೇ ಬೋರ್ಡಿನ ಮೇಲೆ ಬರೆದುಕೊಟ್ಟು ಇಡೀ ಕ್ಲಾಸಿಗೆ ಒಂದೇ ಹಬ್ಬವನ್ನು ಮೆಚ್ಚಿಸುವ ಪದ್ಧತಿ ಇನ್ನೂ ಹೋಗಿಲ್ಲ. ಮಗು ಹೇಳಿದ್ದನ್ನು ಕೇಳಿ ‘ಆಮೇಲೆ?’ ಎನ್ನುವವರು ಕಡಿಮೆ.

ಇದಕ್ಕೆ ರೋಬೋಟ್ ಬರುವ ತನಕ ಕಾಯಬೇಕಿಲ್ಲ. ವೀಡೂ ಪ್ರಯೋಗದಲ್ಲಿ ಜಿಬೊ ಮಾಡಿದ್ದನ್ನೆಲ್ಲ ಒಬ್ಬ ಮೇಷ್ಟ್ರು ನಾಳೆ ಬೆಳಿಗ್ಗೆಯೇ ಮಾಡಬಹುದು. ಯಾಕೆ ಹೀಗೆ ಕಟ್ಟಿದೆ, ಇದನ್ನೇ ಇನ್ನೊಂದು ಥರ ಮಾಡಲಾದೀತಾ, ಚಕ್ರವೇ ಇಲ್ಲದಿದ್ದರೆ ಏನು ಮಾಡುತ್ತಿದ್ದೆ ಎಂದು ಕೇಳಿ, ಉತ್ತರಕ್ಕೆ ಕಾಯುವುದು. ತಾನೂ ಒಂದು ವಿಚಿತ್ರ ಉತ್ತರ ಹೇಳಿ, ಇಲ್ಲಿ ವಿಚಿತ್ರ ಉತ್ತರಕ್ಕೆ ಜಾಗವಿದೆ ಎಂದು ತೋರಿಸಿಕೊಡುವುದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ‘ನಲಿ ಕಲಿ’ ಕಲಿಕಾ ಪದ್ಧತಿ ಮಕ್ಕಳನ್ನು ಸಾಲಿನಿಂದ ಎಬ್ಬಿಸಿ ಗುಂಪಿನಲ್ಲಿ ಕೂರಿಸಿದಾಗ, ಕಲಿಕೆಗೆ ಹಾಡು, ಆಟಗಳನ್ನು ಬೆಸೆದಾಗ, ಹಿಡಿಯಲು ಹೊರಟದ್ದೂ ಹೆಚ್ಚುಕಡಿಮೆ ಇದೇ ಹಾದಿಯನ್ನು. ಶಿಕ್ಷಕರ ತರಬೇತಿಯಲ್ಲಿ ಒಂದು ದಿನವನ್ನು ಬರೀ ‘ಉತ್ತರ ಹೇಳದೆ ಪ್ರಶ್ನೆ ಕೇಳುವುದು ಹೇಗೆ’ ಎಂಬುದಕ್ಕೆ ಮೀಸಲಿಟ್ಟರೆ ಅದರ ಖರ್ಚು ಒಂದು ಜಿಬೊಗಿಂತ ಹೆಚ್ಚಾಗಲಾರದು.

ಹಾಗೆಂದು ರೋಬೋಟ್ ನಮಗೆ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಒಂದೇ ಕೋಣೆಯಲ್ಲಿ ಹಲವು ತರಗತಿಗಳನ್ನು ಸಂಭಾಳಿಸುವ ಶಿಕ್ಷಕಿಗೆ ಒಂದೊಂದು ಮಗುವಿನ ಪಕ್ಕದಲ್ಲೂ ಕೂರಲು ಆಗುವುದಿಲ್ಲ. ಮಾತಾಡಲು ಹಿಂಜರಿಯುವ ಮಗುವಿಗೆ ಮೊದಲ ಜೊತೆಗಾರನಾಗಿ ಒಂದು ಯಂತ್ರ ನೆರವಾದರೆ ಅದನ್ನು ಸ್ವಾಗತಿಸೋಣ. ಅಡ್ಡಿ ಇರುವುದು ಭಾಷೆಯಲ್ಲಿ. ಮಕ್ಕಳ ಮಾತನ್ನು ಗುರುತಿಸುವುದು ಇಂಗ್ಲಿಷಿನಲ್ಲೇ ಯಂತ್ರಗಳಿಗೆ ಕಷ್ಟ. ದನಿ ತೆಳು, ಉಚ್ಚಾರ ಇನ್ನೂ ಕೂಡಿಬಂದಿರುವುದಿಲ್ಲ, ವಾಕ್ಯ ಅರ್ಧಕ್ಕೇ ತಿರುಗುತ್ತದೆ. ಕಲಬುರಗಿಯ ಮಗುವೂ ಕುಂದಾಪುರದ ಮಗುವೂ ಆಡುವ ಕನ್ನಡವನ್ನು ತಪ್ಪಿಲ್ಲದೆ ಕೇಳಿಸಿಕೊಳ್ಳುವ ರೋಬೋಟ್ ಬರಲು ಇನ್ನೂ ಕಾಲ ಬೇಕು. ಮಾತು ಅರ್ಥವಾಗದೆ ‘ಇನ್ನೊಮ್ಮೆ ಹೇಳು’ ಎನ್ನುವ ಗೆಳೆಯನ ಎದುರು ಹಿಂಜರಿಯುವ ಮಗು ಇನ್ನಷ್ಟು ಮುದುಡೀತು.

ಅದಕ್ಕೇ ನನ್ನ ಕಣ್ಣು ಮತ್ತೆ ಯೋಲೊ ಕಡೆಗೆ ಹೋಗುತ್ತದೆ. ಅದು ಮಾತಾಡುವುದಿಲ್ಲ, ಆದ್ದರಿಂದ ಯಾವ ಭಾಷೆಯ ಮಗುವಿಗೂ ಪರಕೀಯವಲ್ಲ. ಮಗು ಕುಂದಾಪುರದ ಕನ್ನಡದಲ್ಲೇ ಕಥೆ ಕಟ್ಟಲಿ, ಲಂಬಾಣಿಯಲ್ಲೋ ತುಳುವಿನಲ್ಲೋ ಕಟ್ಟಲಿ, ಅದು ಹಿಂಬಾಲಿಸುವುದು ಕೈಯ ಚಲನೆಯನ್ನು. ಇನ್ನೂ ದೊಡ್ಡ ಸಂಗತಿಯೆಂದರೆ ಅದನ್ನು ಕಟ್ಟಿದವರು ವಿನ್ಯಾಸವನ್ನು ಬಚ್ಚಿಟ್ಟುಕೊಂಡಿಲ್ಲ. ಯಾವ ಬಿಡಿಭಾಗ ಬೇಕು, ಹೇಗೆ ಜೋಡಿಸಬೇಕು ಎಂಬ ಮಾರ್ಗದರ್ಶಿಯನ್ನು 2019ರಲ್ಲೇ ಪ್ರಕಟಿಸಿದ್ದಾರೆ. ತಂತ್ರಾಂಶವನ್ನೂ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಹೊರಮೈಯನ್ನು ತ್ರೀಡಿ ಪ್ರಿಂಟರಿನಲ್ಲಿ ಅಚ್ಚು ತೆಗೆಯಬಹುದು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ಹುಡುಗ ಹುಡುಗಿಯರು ಪ್ರತಿವರ್ಷ ಸಾವಿರಾರು ಮಂದಿ ಇದ್ದಾರೆ. ಅವರಲ್ಲಿ ಒಂದು ತಂಡ ಇಂಥದ್ದೊಂದನ್ನು ಕಟ್ಟಿ, ಹತ್ತಿರದ ಸರ್ಕಾರಿ ಶಾಲೆಯ ಮೂರನೇ ತರಗತಿಗೆ ಒಯ್ದು, ಶಿಕ್ಷಕರ ಜೊತೆ ಕೂತು, ಮಕ್ಕಳು ಅದಕ್ಕೆ ಏನು ಹೆಸರಿಡುತ್ತಾರೆ, ಯಾವ ಕಥೆಯಲ್ಲಿ ಏನು ಮಾಡಿಸುತ್ತಾರೆ ಎಂದು ಬರೆದಿಟ್ಟುಕೊಳ್ಳಲಿ. ಹೋಲಿಸಿ ನೋಡಲು ಇನ್ನೊಂದು ಗುಂಪಿನ ಎದುರು ಪ್ರಶ್ನೆ ಕೇಳಲು ಚೆನ್ನಾಗಿ ಬಲ್ಲ ಒಬ್ಬ ಶಿಕ್ಷಕಿಯನ್ನು ಕೂರಿಸಲಿ. ಎಂಐಟಿ ಮಾಡದೆ ಬಿಟ್ಟ ಆ ಹೋಲಿಕೆಯನ್ನು ಧಾರವಾಡದಲ್ಲೋ ಸುರತ್ಕಲ್ಲಿನಲ್ಲೋ ಮಾಡಿ ನೋಡಬಹುದು.